ಕುದುರೆಯ ಪ್ರಾಯ, ಸಾಲದ ಕಂತು

ಸುಗ್ಗಿ ಮುಗಿದ ಬಳಿಕ ಗದಗ ತಾಲ್ಲೂಕಿನ ಅಸುಂಡಿಯಂಥ ಊರುಗಳ ಎರೆ ಹೊಲಗಳಿಗೆ ಕುರಿಹಿಂಡುಗಳು ಬರುವುದುಂಟು. ಹಿಂಡಿನ ಹಿಂದೆ ಹಾಸಿಗೆ, ಪಾತ್ರೆ, ಬಲೆ, ಕೆಲವೊಮ್ಮೆ ಅದೇ ದಿನ ಹುಟ್ಟಿದ ಕುರಿಮರಿಯನ್ನೂ ಹೊತ್ತ ಒಂದೆರಡು ತಟ್ಟುಗಳು ಕಾಣಿಸುತ್ತವೆ. ಟಾಂಗಾಗಳ ಕಾಲ ಮುಗಿದ ಮೇಲೆ ಈ ಭಾಗದ ಜನರಿಗೆ ಕುದುರೆಯೆಂದರೆ ಇಷ್ಟೇ. ಇಲ್ಲವೇ ಮದುವೆಯ ಮೆರವಣಿಗೆ, ಇಲ್ಲವೇ ಬೆಳಗಾವಿ, ಬಾಗಲಕೋಟೆ ಕಡೆಯ ಜಾತ್ರೆಗಳಲ್ಲಿ ನಡೆಯುವ ಕುದುರೆ ಗಾಡಿಯ ಶರ್ಯತ್ತು. ಹೀಗಿರುವಾಗ ವ್ಯಾಪಾರಸ್ಥರ ಪತ್ರಿಕೆಯಲ್ಲಿ ಕುದುರೆಯ ವಿಚಾರವೇಕೆ ಎಂಬ ಪ್ರಶ್ನೆ ಸಹಜವಾಗಿಯೇ ಏಳುತ್ತದೆ.

ಕಾರಣವಿದೆ. 2024ರ ಫೆಬ್ರವರಿಯಲ್ಲಿ ಕೇಂದ್ರ ಸಚಿವ ಸಂಪುಟವು ರಾಷ್ಟ್ರೀಯ ಜಾನುವಾರು ಮಿಷನ್ನಿಗೆ ತಿದ್ದುಪಡಿ ತಂದು, ಅದುವರೆಗೆ ಕುರಿ, ಮೇಕೆ, ಕೋಳಿ, ಹಂದಿಗಳಿಗೆ ದೊರೆಯುತ್ತಿದ್ದ ಉದ್ಯಮ ಸಹಾಯಧನವನ್ನು ಕುದುರೆ, ಕತ್ತೆ, ಹೇಸರಗತ್ತೆ ಮತ್ತು ಒಂಟೆಗಳಿಗೂ ವಿಸ್ತರಿಸಿತು. ವ್ಯಕ್ತಿಗಳಿಗೆ, ಸ್ವಸಹಾಯ ಗುಂಪುಗಳಿಗೆ, ರೈತ ಉತ್ಪಾದಕ ಸಂಸ್ಥೆಗಳಿಗೆ ಬಂಡವಾಳ ವೆಚ್ಚದ ಶೇಕಡಾ 50ರಷ್ಟು, ಗರಿಷ್ಠ ರೂ. 50 ಲಕ್ಷದವರೆಗೆ ಸಹಾಯಧನ ದೊರೆಯುತ್ತದೆ. ಉಳಿದದ್ದಕ್ಕೆ ಸ್ವಂತ ಬಂಡವಾಳ ಅಥವಾ ಬ್ಯಾಂಕ್ ಸಾಲ. ಹಿನ್ನೆಲೆ ತಿಳಿಯಲು 2019ರ ಜಾನುವಾರು ಗಣತಿಯನ್ನು ನೋಡಿದರೆ ಸಾಕು: ಇಡೀ ದೇಶದಲ್ಲಿ ಕುದುರೆ ಮತ್ತು ತಟ್ಟುಗಳ ಸಂಖ್ಯೆ ಸುಮಾರು 3.4 ಲಕ್ಷ. 2012ರ ಗಣತಿಗಿಂತ ಅದು ಶೇಕಡಾ 45.6ರಷ್ಟು ಕಡಿಮೆ. ಏಳು ವರ್ಷಗಳಲ್ಲಿ ಹೆಚ್ಚುಕಡಿಮೆ ಅರ್ಧದಷ್ಟು ಕುದುರೆಗಳು ಲೆಕ್ಕದಿಂದ ಮಾಯವಾದವು.

ಸಹಾಯಧನದ ಸುದ್ದಿ ಬಂದಲ್ಲಿ ಯೋಜನಾ ವರದಿ ಬರೆಯುವವರೂ ಬರುತ್ತಾರೆ. ಆ ವರದಿಗಳಲ್ಲಿ ಸಾಮಾನ್ಯವಾಗಿ ಲಾಯದ ಅಳತೆ ಇರುತ್ತದೆ, ಮೇವಿನ ಖರ್ಚು ಇರುತ್ತದೆ, ಮೂರನೆಯ ವರ್ಷದಿಂದ ಏರುತ್ತ ಹೋಗುವ ಲಾಭದ ಕೋಷ್ಟಕವೂ ಇರುತ್ತದೆ. ಇರಲೇಬೇಕಾದ ಒಂದು ಅಂಕಿ ಮಾತ್ರ ಎಷ್ಟೋ ವೇಳೆ ಇರುವುದಿಲ್ಲ. ತಂದ ಹೆಣ್ಣು ಕುದುರೆಯ ವಯಸ್ಸೆಷ್ಟು, ಅದನ್ನು ಗಂಡಿಗೆ ಬಿಡಬೇಕಾದ ವಯಸ್ಸೆಷ್ಟು ಎಂಬುದೇ ಆ ಅಂಕಿ. ಈ ಉದ್ಯಮದ ಲಾಭ–ನಷ್ಟ ನಿಂತಿರುವುದೇ ಅದರ ಮೇಲೆ.

ಪಶುವೈದ್ಯ ಶಾಸ್ತ್ರ ಹೇಳುವ ಸಂಗತಿ ಸರಳವಾಗಿದೆ. ಹೆಣ್ಣು ಕುದುರೆ ಮರಿಯು ಹನ್ನೆರಡರಿಂದ ಇಪ್ಪತ್ನಾಲ್ಕು ತಿಂಗಳೊಳಗೆ, ಬಹುಮಟ್ಟಿಗೆ ಒಂದೂವರೆ ವರ್ಷದ ಆಸುಪಾಸಿನಲ್ಲಿ, ಮೊದಲ ಬಾರಿಗೆ ಬೆದೆಗೆ ಬರುತ್ತದೆ. ಗಂಡು ಮರಿಯೂ ಅದೇ ವಯಸ್ಸಿನಲ್ಲಿ ಗಬ್ಬಕಟ್ಟಿಸುವ ಶಕ್ತಿ ಪಡೆಯುತ್ತದೆ. ಆದ್ದರಿಂದಲೇ ವರ್ಷ ತುಂಬಿದ ಗಂಡು–ಹೆಣ್ಣು ಮರಿಗಳನ್ನು ಒಂದೇ ಕಟ್ಟೆಯಲ್ಲಿ ಬಿಡಬಾರದೆಂದು ಅನುಭವಿಗಳು ಎಚ್ಚರಿಸುತ್ತಾರೆ. ಒಂದು ವರ್ಷದ ಮರಿಯು ಪೂರ್ಣ ಎತ್ತರದ ಸುಮಾರು ಶೇಕಡಾ 90ರಷ್ಟು ಬೆಳೆದಿರುತ್ತದೆ. ನೋಡುವ ಕಣ್ಣಿಗೆ ಅದು ಕುದುರೆಯೇ. ತೂಕದಲ್ಲಿ ಮಾತ್ರ ಇನ್ನೂ ಸುಮಾರು ಮೂರರಲ್ಲಿ ಎರಡು ಪಾಲಷ್ಟೇ. ಕಾಲಿನ ಕೆಳಭಾಗದ ಎಲುಬುಗಳ ಬೆಳವಣಿಗೆ ಮೊದಲ ವರ್ಷದ ಹೊತ್ತಿಗೆ ನಿಲ್ಲುತ್ತದೆ. ಮುಂಗಾಲಿನ ಮಂಡಿಯ ಮೇಲಿನ ಎಲುಬಿನದು ಎರಡರಿಂದ ಎರಡೂವರೆ ವರ್ಷಕ್ಕೆ. ಬೆನ್ನೆಲುಬಿನದು ಐದು ವರ್ಷ ದಾಟಿದ ಮೇಲೆ. ಹೊಟ್ಟೆಯ ಭಾರ ಹೊರುವುದು ಆ ಬೆನ್ನೇ.

ಬೆದೆಗೆ ಬರುವುದು ಬೇರೆ, ಗಬ್ಬಕ್ಕೆ ಸಿದ್ಧವಾಗುವುದು ಬೇರೆ. ತಾನೇ ಬೆಳೆಯುತ್ತಿರುವ ಎರಡು ವರ್ಷದ ಕುದುರೆಗೆ ಗಬ್ಬ ಕಟ್ಟಿಸಿದರೆ ಹಾಕಿದ ಮೇವು ಎರಡು ಕಡೆಗೆ ಹಂಚಿಹೋಗುತ್ತದೆ. ತಾಯಿಯ ಬೆಳವಣಿಗೆ ಕುಂಠಿತವಾಗುವುದು, ಮರಿ ಸಣ್ಣದಾಗುವುದು, ಈಯುವಾಗ ತೊಡಕಾಗುವುದು, ಹಾಲು ಸಾಲದಿರುವುದು ಇವೆಲ್ಲ ಸಂಭವಿಸಬಹುದು. ಆದ್ದರಿಂದ ಮೂರು ವರ್ಷ ತುಂಬಿದ ಮೇಲೆ, ಮೈ ಕಟ್ಟು ಸಾಲದಿದ್ದರೆ ನಾಲ್ಕಕ್ಕೆ, ಮೊದಲ ಬಾರಿ ಗಂಡಿಗೆ ಬಿಡುವುದು ವಿವೇಕವುಳ್ಳ ಪದ್ಧತಿ. ಬೀಜದ ಕುದುರೆಗೂ ಇದೇ ನಿಯಮ ಅನ್ವಯಿಸುತ್ತದೆ. ಮೂರನೆಯ ವರ್ಷದಲ್ಲಿ ಕೆಲವೇ ಹೆಣ್ಣುಗಳಿಗೆ ಬಿಟ್ಟು, ಪೂರ್ಣ ಪ್ರಮಾಣದ ಕೆಲಸವನ್ನು ನಾಲ್ಕರ ನಂತರ ವಹಿಸುವುದು ವಾಡಿಕೆ.

ಇದರ ಮೇಲೆ ಪ್ರಕೃತಿಯ ಇನ್ನೊಂದು ಕಟ್ಟಳೆಯಿದೆ. ಹಸುವಿನಂತೆ ಕುದುರೆ ವರ್ಷವಿಡೀ ಒಂದೇ ಸಮನೆ ಬೆದೆಗೆ ಬರುವ ಪ್ರಾಣಿಯಲ್ಲ. ಹಗಲು ದೀರ್ಘವಾಗುವ ವಸಂತ–ಬೇಸಿಗೆಯ ತಿಂಗಳುಗಳೇ ಅದರ ಋತು. ಕರ್ನಾಟಕದಂಥ ದಕ್ಷಿಣದ ಪ್ರದೇಶದಲ್ಲಿ ಹಗಲಿನ ಏರಿಳಿತ ಕಡಿಮೆಯಾದ್ದರಿಂದ ಈ ಗೆರೆ ಸ್ವಲ್ಪ ಮಸುಕಾಗಿರುತ್ತದೆಯಷ್ಟೆ. ಸುಮಾರು 21 ದಿನಗಳಿಗೊಮ್ಮೆ ಬರುವ ಬೆದೆಯು ಐದರಿಂದ ಏಳು ದಿನ ಇರುತ್ತದೆ. ಗಬ್ಬದ ಅವಧಿ ಸರಾಸರಿ 340 ದಿನ, ಎಂದರೆ ಹನ್ನೊಂದು ತಿಂಗಳಿಗಿಂತ ತುಸು ಹೆಚ್ಚು. ಹುಟ್ಟುವುದು ಒಂದೇ ಮರಿ. ಅವಳಿ ಗಬ್ಬವು ಬಹುತೇಕ ಉಳಿಯುವುದಿಲ್ಲ. ಕುರಿ ಸಾಕಣೆಯ ಲೆಕ್ಕವನ್ನು ಕುದುರೆಗೆ ಹೊಂದಿಸುವವರು ಮೊದಲು ಎಡವುವುದು ಇಲ್ಲಿಯೇ.

ಇನ್ನು ಲೆಕ್ಕಕ್ಕೆ ಬರಬಹುದು. ಅಸುಂಡಿಯ ಒಬ್ಬ ಯುವಕನು ಒಂದು ವರ್ಷದ ಹೆಣ್ಣು ಮರಿಯನ್ನು ರೂ. 60,000ಕ್ಕೆ ತಂದನೆಂದು ಭಾವಿಸಿದರೆ, ಮತ್ತು ಮೇವು, ಹುರುಳಿ, ಲಾಳ, ಔಷಧ, ಆಳಿನ ಪಾಲು ಎಲ್ಲ ಸೇರಿ ತಿಂಗಳಿಗೆ ರೂ. 6,000 ಖರ್ಚು ಹಿಡಿದರೆ, ಮೂರು ವರ್ಷ ತುಂಬುವವರೆಗಿನ 24 ತಿಂಗಳಿಗೆ ರೂ. 1,44,000 ಆಗುತ್ತದೆ. ಗಬ್ಬದ 11 ತಿಂಗಳಿಗೆ ರೂ. 66,000. ಮರಿ ಹಾಲು ಬಿಡುವವರೆಗಿನ ಆರು ತಿಂಗಳು ತಾಯಿಗೆ ಹೆಚ್ಚಿನ ಮೇವು ಬೇಕಾಗುವುದರಿಂದ ತಿಂಗಳಿಗೆ ರೂ. 7,500ರಂತೆ ರೂ. 45,000. ಒಟ್ಟು ರೂ. 3,15,000. ಮೊದಲ ಮರಿಯನ್ನು ಮಾರಿ ಮೊದಲ ರೂಪಾಯಿ ಕೈಗೆ ಬರುವ ಹೊತ್ತಿಗೆ ಖರೀದಿಯಿಂದ 41 ತಿಂಗಳು ಕಳೆದಿರುತ್ತವೆ. ಇಲ್ಲಿಯ ದರಗಳು ಲೆಕ್ಕ ತೋರಿಸಲು ಹಿಡಿದವು ಮಾತ್ರ. ಪ್ರತಿಯೊಬ್ಬರೂ ತಮ್ಮ ಊರಿನ ದರ ಹಾಕಿಕೊಳ್ಳಬಹುದು. ತಿಂಗಳುಗಳ ಸಂಖ್ಯೆ ಮಾತ್ರ ಯಾವ ಊರಿನಲ್ಲಿಯೂ ಬದಲಾಗದು.

ಈಗ ಇದೇ ಯುವಕನು ರೂ. 2 ಲಕ್ಷ ಸಾಲವನ್ನು ಶೇಕಡಾ 11ರ ಬಡ್ಡಿಗೆ ಪಡೆದಿದ್ದಾನೆ, ಹನ್ನೆರಡು ತಿಂಗಳು ಬಿಡುವು ಕೊಟ್ಟು ಆಮೇಲೆ 60 ಕಂತುಗಳಲ್ಲಿ ತೀರಿಸಬೇಕೆಂದು ಬ್ಯಾಂಕು ಗೊತ್ತುಪಡಿಸಿದೆ ಎಂದಿರಲಿ. ಬಿಡುವಿನ ಅವಧಿಯ ಬಡ್ಡಿಯನ್ನು ತಿಂಗಳು ತಿಂಗಳು ಕಟ್ಟಿದನೆಂದೇ ಹಿಡಿದರೂ ನಂತರದ ಕಂತು ಸುಮಾರು ರೂ. 4,350. ಹದಿಮೂರನೆಯ ತಿಂಗಳಲ್ಲಿ ಮೊದಲ ಕಂತು ಬಾಗಿಲಿಗೆ ಬಂದಾಗ ಲಾಯದಲ್ಲಿರುವ ಕುದುರೆಗೆ ಎರಡು ವರ್ಷ ಒಂದು ತಿಂಗಳು. ಮೊದಲ ಮರಿ ಮಾರಾಟವಾಗುವ ಮುನ್ನ ಅವನು 29 ಕಂತು, ಎಂದರೆ ಸುಮಾರು ರೂ. 1,26,000 ಕಟ್ಟಬೇಕು. ಕುದುರೆಯಿಂದ ಒಂದು ಪೈಸೆ ಹುಟ್ಟುವ ಮೊದಲೇ.

ಅವನ ಮುಂದಿರುವ ಪ್ರಲೋಭನೆ ಯಾವುದೆಂದು ಹೇಳಬೇಕಾಗಿಲ್ಲ. ಕುದುರೆ ಬೆದೆಗೆ ಬರುತ್ತಿದೆ; ಪಕ್ಕದ ಊರಿನಲ್ಲಿ ಗಂಡು ಕುದುರೆಯಿದೆ; ಈ ವರ್ಷವೇ ಬಿಟ್ಟರೆ ಒಂದು ವರ್ಷದ ಖರ್ಚು ರೂ. 72,000 ಉಳಿಯುತ್ತದೆ, ಮರಿಯೂ ಒಂದು ವರ್ಷ ಮೊದಲೇ ಬರುತ್ತದೆ. ಕಾಗದದ ಮೇಲೆ ಈ ವಾದ ಸರಿಯಾಗಿಯೇ ಕಾಣುತ್ತದೆ. ಆದರೆ ಎಳೆಯ ತಾಯಿ ಗಬ್ಬ ಕಳೆದುಕೊಂಡರೆ, ಅಥವಾ ಈದ ಮೇಲೆ ಮೈ ಇಳಿದು ಮುಂದಿನ ಋತುವಿನಲ್ಲಿ ಗಬ್ಬ ಕಟ್ಟದಿದ್ದರೆ, ಹೋಗುವುದೂ ಒಂದು ಪೂರ್ತಿ ವರ್ಷವೇ, ಅದೇ ರೂ. 72,000ವೇ. ಇನ್ನೊಂದು ದೃಷ್ಟಿಯಿಂದ ನೋಡಿದರೆ, ಹೆಣ್ಣು ಕುದುರೆಯ ಗರ್ಭಧಾರಣ ಶಕ್ತಿ ಹದಿನೈದು ವರ್ಷದ ಸುಮಾರಿನಿಂದ ಇಳಿಯತೊಡಗುತ್ತದೆ. ಎರಡಕ್ಕೆ ಆರಂಭಿಸಿದವನಿಗೆ ಹದಿಮೂರು ಋತುಗಳು, ಮೂರಕ್ಕೆ ಆರಂಭಿಸಿದವನಿಗೆ ಹನ್ನೆರಡು. ಹದಿಮೂರರಲ್ಲಿ ಒಂದನ್ನು ಬಿಟ್ಟುಕೊಡುವುದು ಉಳಿದ ಹನ್ನೆರಡಕ್ಕೆ ಕಟ್ಟುವ ವಿಮೆ. ವ್ಯಾಪಾರಸ್ಥನಿಗೆ ಇದು ದುಬಾರಿ ಪ್ರೀಮಿಯಂ ಎನಿಸಲಾರದು.

ಆದರೂ ಆ ಯುವಕನು ಆತುರಪಡುತ್ತಾನೆ. ತಪ್ಪು ಅವನದೆನ್ನುವುದು ಸುಲಭ. ನ್ಯಾಯವಾಗಿ ನೋಡಿದರೆ ತಪ್ಪಿನ ಬಹುಪಾಲು ಕಂತಿನ ತಖ್ತೆಯಲ್ಲಿದೆ. ಹೈನುಗಾರಿಕೆಯ ಸಾಲಕ್ಕಾಗಿ ಮಾಡಿದ ಅಚ್ಚನ್ನೇ ಇಲ್ಲಿಗೂ ತಂದಿರಿಸಲಾಗಿದೆ. ಕರೆಯುವ ಎಮ್ಮೆಯನ್ನು ಕೊಂಡವನಿಗೆ ಮರುದಿನ ಬೆಳಗ್ಗೆಯೇ ಹಾಲಿನ ಡೇರಿಯಲ್ಲಿ ಜಮೆ ಆರಂಭ; ಅವನಿಗೆ ಕೆಲವೇ ತಿಂಗಳ ಬಿಡುವು ಸಾಕು. ಕುದುರೆ ಮರಿ ಕೊಂಡವನಿಗೆ ಜಮೆಯ ಪುಟ ಮೂರೂವರೆ ವರ್ಷ ಖಾಲಿ. ಎರಡಕ್ಕೂ ಒಂದೇ ಫಾರಂ ತುಂಬಿಸಿದರೆ ಬ್ಯಾಂಕೇ ಎಳೆಯ ಕುದುರೆಯನ್ನು ಗಂಡಿನ ಬಳಿಗೆ ಅಟ್ಟಿದಂತೆ.

ಬೆಳೆದ, ನಾಲ್ಕೈದು ವರ್ಷದ ಕುದುರೆಯನ್ನೇ ಕೊಳ್ಳಬಾರದೇಕೆ ಎಂದು ಅನುಭವಸ್ಥ ವ್ಯಾಪಾರಿ ಕೇಳಬಹುದು. ಕೊಳ್ಳಬಹುದು, ಬಂಡವಾಳ ಕಡಿಮೆಯಿದ್ದು ಕಾಯುವ ಶಕ್ತಿಯಿಲ್ಲದವನಿಗೆ ಅದೇ ಒಳ್ಳೆಯ ದಾರಿಯೂ ಹೌದು. ಆದರೆ ಆ ಬೆಲೆಯಲ್ಲಿ ಇನ್ನೊಬ್ಬ ಸಾಕಣೆದಾರನು ಕಾದ ವರ್ಷಗಳ ಖರ್ಚು ಸೇರಿರುತ್ತದೆ. ಯಾರಾದರೊಬ್ಬರು ಕಾಯಲೇಬೇಕು. ಕೊಳ್ಳುವಾಗ ಮೋಸಹೋಗದಿರಲು ಹಲ್ಲು ನೋಡುವ ಹಳೆಯ ವಿದ್ಯೆಯೇ ಸಾಕು, ಜಾನುವಾರು ಸಂತೆಯಲ್ಲಿ ಎತ್ತು ಕೊಂಡವರಿಗೆ ಅದು ಹೊಸದೂ ಅಲ್ಲ. ಕುದುರೆಯ ಮುಂದಿನ ಹಾಲುಹಲ್ಲುಗಳಲ್ಲಿ ನಡುವಿನ ಜೋಡಿ ಎರಡೂವರೆ ವರ್ಷಕ್ಕೆ ಬಿದ್ದು ಹೊಸ ಹಲ್ಲು ಬರುತ್ತದೆ, ಅದರ ಪಕ್ಕದ್ದು ಮೂರೂವರೆಗೆ, ಅಂಚಿನದು ನಾಲ್ಕೂವರೆಗೆ. ಐದಕ್ಕೆ ಬಾಯಿಗೂಡುತ್ತದೆ. ನಡುವಿನ ಜೋಡಿಯೂ ಇನ್ನೂ ಹಾಲುಹಲ್ಲಾಗಿರುವ ಕುದುರೆಯನ್ನು "ಗಬ್ಬಕ್ಕೆ ಸಿದ್ಧ" ಎಂದು ಮಾರುವ ದಲ್ಲಾಳಿಯ ಮಾತನ್ನು ನಂಬಬೇಕಾಗಿಲ್ಲ.

ಕುದುರೆ ಈ ನಾಡಿನ ಹವೆಗೆ ಒಗ್ಗದ ಪ್ರಾಣಿ ಎಂಬ ಇನ್ನೊಂದು ಆಕ್ಷೇಪವೂ ಕೇಳಿಬರುತ್ತದೆ. ಆಕ್ಷೇಪ ಹಳೆಯದು. ಹದಿಮೂರನೆಯ ಶತಮಾನದ ಕೊನೆಯಲ್ಲಿ ದಕ್ಷಿಣ ಭಾರತದ ಕರಾವಳಿ ಕಂಡ ಮಾರ್ಕೊ ಪೋಲೊ, ಇಲ್ಲಿ ಎಂಥ ಉತ್ತಮ ಗಂಡು–ಹೆಣ್ಣು ಕುದುರೆಗಳನ್ನು ಕೂಡಿಸಿದರೂ ಕಾಲು ಸೊಟ್ಟಗಿನ, ಸವಾರಿಗೆ ಬಾರದ ಮರಿ ಹುಟ್ಟುತ್ತದೆಂದು ಬರೆದಿದ್ದಾನೆ. ಬೇಯಿಸಿದ ಅನ್ನ, ಮಾಂಸಗಳನ್ನು ಕುದುರೆಗೆ ತಿನ್ನಿಸುತ್ತಿದ್ದುದನ್ನೂ ಅವನೇ ದಾಖಲಿಸಿರುವುದರಿಂದ, ದೋಷ ಹವೆಯದೋ ಸಾಕಣೆಯದೋ ಎಂಬ ಸಂಶಯಕ್ಕೆ ಎಡೆಯಿದೆ. ಅದೇನೇ ಇರಲಿ, ಈ ನಾಡು ತನಗೆ ಬೇಕಾದ ಕುದುರೆಗಳನ್ನು ಬೆಳೆಸುವ ಬದಲು ಶತಮಾನಗಳ ಕಾಲ ಹೊರಗಿನಿಂದ ಕೊಂಡಿತು. ಅಯ್ಯಾವೊಳೆಯ ಐನೂರ್ವರ ಸರಕುಗಳಲ್ಲಿ ಕುದುರೆಯೂ ಇತ್ತು. ವಿಜಯನಗರದ ದೊರೆಗಳಿಗೆ ಹೋರ್ಮುಜ್, ಏಡನ್‌ಗಳಿಂದ ಕುದುರೆಗಳು ಹಡಗೇರಿ ಬರುತ್ತಿದ್ದವು. ಸಾಳುವ ನರಸಿಂಹನು ಸಮುದ್ರದಲ್ಲಿ ಸತ್ತ ಕುದುರೆಯ ಬಾಲವನ್ನು ತಂದು ತೋರಿಸಿದರೂ ಬದುಕಿದ ಕುದುರೆಯ ಬೆಲೆಯನ್ನೇ ಕೊಡುತ್ತಿದ್ದನೆಂದು ಪೋರ್ಚುಗೀಸ್ ವರ್ತಕ ನೂನಿಜ್ ಬರೆದಿದ್ದಾನೆ. ಸಾಗಾಟದ ನಷ್ಟವನ್ನೆಲ್ಲ ಕೊಳ್ಳುವವನೇ ಹೊತ್ತ ಇಂಥ ಕರಾರು ಇಂದಿನ ಯಾವ ರಫ್ತುದಾರನಿಗೂ ಸಿಗಲಾರದು. ಕುದುರೆ ಬೆಳೆಸಲಾರದ ರಾಜ್ಯವು ತೆತ್ತ ಬೆಲೆ ಅದು.

ಆಕ್ಷೇಪಕ್ಕೆ ಉತ್ತರ ಕೊಟ್ಟದ್ದು ಕುಣಿಗಲ್. ಟಿಪ್ಪು ಸುಲ್ತಾನನ ಕಾಲದಲ್ಲಿ, 1790ರ ಸುಮಾರಿಗೆ, ಮೈಸೂರಿನ ಅಶ್ವದಳಕ್ಕಾಗಿ ಆರಂಭವಾದ ಅಲ್ಲಿಯ ಕುದುರೆ ಫಾರಂ ಬ್ರಿಟಿಷರ ಸೇನೆಗೂ ಮುಂದೆ ಮೈಸೂರು ಸಂಸ್ಥಾನಕ್ಕೂ ಕುದುರೆ ಒದಗಿಸಿತು. 1992ರಲ್ಲಿ ಸರ್ಕಾರ ಅದನ್ನು ಖಾಸಗಿ ಕಂಪನಿಗೆ ದೀರ್ಘಾವಧಿ ಗುತ್ತಿಗೆಗೆ ಕೊಟ್ಟ ಮೇಲೆ ಅಲ್ಲಿ ಹುಟ್ಟಿದ ರೇಸ್ ಕುದುರೆಗಳು ದೇಶದ ದೊಡ್ಡ ಪಂದ್ಯಗಳನ್ನು ಗೆದ್ದವು. ನಾಲ್ಕು ನೂರು ಎಕರೆಗೂ ಮೀರಿದ ಆ ಭೂಮಿಯಲ್ಲಿ ಟೌನ್‌ಷಿಪ್ ಕಟ್ಟಬೇಕೆಂಬ ಪ್ರಸ್ತಾಪ ಇತ್ತೀಚಿನ ವರ್ಷಗಳಲ್ಲಿ ಬಂದು ವಿವಾದಕ್ಕೀಡಾದುದು ಬೇರೆಯ ಕಥೆ. ಇಲ್ಲಿ ಗಮನಿಸಬೇಕಾದುದು ಇಷ್ಟು: ಕುಣಿಗಲ್ಲಿನಲ್ಲಿ ಕುದುರೆ ಬೆಳೆದದ್ದು ಅದರ ಹಿಂದೆ ವರ್ಷಗಟ್ಟಲೆ ಕಾಯಬಲ್ಲ ಖಜಾನೆಯಿದ್ದುದರಿಂದ. ಇನ್ನು ದಖ್ಖಣದ ಬಡವರ ಕುದುರೆಯಂತೂ ಯಾವ ಖಜಾನೆಯೂ ಇಲ್ಲದೆ ಉಳಿದುಬಂದಿದೆ. ಭೀಮಾ ನದಿಯ ಹೆಸರಿನಿಂದ ಕರೆಯಲ್ಪಡುವ, ಮಹಾರಾಷ್ಟ್ರದ ಧನಗರರು ಹೊರೆಗೆ ಬಳಸುವ ಭೀಮಥಡಿ ಕುದುರೆಯು ಇತ್ತೀಚೆಗೆ ಪ್ರತ್ಯೇಕ ತಳಿಯೆಂದು ಮಾನ್ಯತೆ ಪಡೆದಿದೆ. ಇದೇ ದಖ್ಖಣದ ಭಾಗವಾದ ಉತ್ತರ ಕರ್ನಾಟಕಕ್ಕೆ ಹವೆ ಒಗ್ಗದೆಂಬ ಮಾತು ಆ ಮೇಲೆ ನಿಲ್ಲುವುದಿಲ್ಲ.

ರೇಸಿನ ಕುದುರೆಗಳು ಎರಡು ವರ್ಷಕ್ಕೇ ಓಡುತ್ತವಲ್ಲ ಎಂದು ಕೆಲವರು ತಿರುಗಿ ಕೇಳುತ್ತಾರೆ. ಓಡುತ್ತವೆ, ಕಾಲು ಮುರಿದುಕೊಳ್ಳುವುದೂ ಉಂಟು. ಆದರೆ 1943ರಲ್ಲಿ ಆರಂಭವಾದ ಇಂಡಿಯನ್ ಡರ್ಬಿ ನಡೆಯುವುದು ನಾಲ್ಕು ವರ್ಷದ ಕುದುರೆಗಳಿಗೆ. ಹೆಣ್ಣುಗಳು ಓಟದಿಂದ ನಿವೃತ್ತವಾದ ಮೇಲೆಯೇ ಸಾಮಾನ್ಯವಾಗಿ ಸಂತಾನಕ್ಕೆ ಹೋಗುತ್ತವೆ. ದುಡ್ಡಿನ ಆತುರ ಎಲ್ಲಕ್ಕಿಂತ ಹೆಚ್ಚಿರುವ ಆ ವ್ಯವಹಾರದಲ್ಲಿಯೂ ಗಬ್ಬದ ವಿಷಯದಲ್ಲಿ ಆತುರವಿಲ್ಲ.

ತೆರಿಗೆಯ ಮಾತನ್ನೂ ಇಲ್ಲಿ ಹೇಳಲೇಬೇಕು, ಏಕೆಂದರೆ ಯೋಜನಾ ವರದಿಗಳು ಇದರಲ್ಲಿಯೂ ದಾರಿ ತಪ್ಪಿಸುತ್ತವೆ. ಹಳ್ಳಿಯಲ್ಲಿ, ಸ್ವಂತ ಹೊಲದಲ್ಲಿ ಕುದುರೆ ಸಾಕಿದ ಮಾತ್ರಕ್ಕೆ ಆದಾಯವು ಕೃಷಿ ಆದಾಯವಾಗುವುದಿಲ್ಲ. ಭೂಮಿಯ ಉಳುಮೆಗೆ ಸಂಬಂಧವಿಲ್ಲದ ಪಶುಪಾಲನೆ ಕೃಷಿಯಲ್ಲವೆಂಬುದನ್ನು ರಾಜಾ ಬಿನಯ್ ಕುಮಾರ್ ಸಹಸ್ ರಾಯ್ ಪ್ರಕರಣದಲ್ಲಿ ಸರ್ವೋಚ್ಚ ನ್ಯಾಯಾಲಯ 1957ರಲ್ಲಿಯೇ ಸ್ಪಷ್ಟಪಡಿಸಿದೆ. 1961ರ ಆದಾಯ ತೆರಿಗೆ ಕಾಯ್ದೆಯು 'ಯಂತ್ರಸ್ಥಾವರ'ದ ವ್ಯಾಖ್ಯೆಯಿಂದ ಜಾನುವಾರುಗಳನ್ನು ಹೊರಗಿಟ್ಟಿತು. ಆದ್ದರಿಂದ ಲೇತ್ ಮಷಿನ್ ಕೊಂಡವನು ವರ್ಷವರ್ಷವೂ ಪಡೆಯುವ ಸವಕಳಿ ಕುದುರೆ ಕೊಂಡವನಿಗೆ ಇಲ್ಲ. ವ್ಯವಹಾರದಲ್ಲಿ ಬಳಸಿದ ಪ್ರಾಣಿ ಸತ್ತರೆ ಅಥವಾ ಶಾಶ್ವತವಾಗಿ ನಿರುಪಯೋಗಿಯಾದರೆ ಮಾತ್ರ ಅದರ ಮೂಲ ಬೆಲೆಯಲ್ಲಿ ವಸೂಲಾಗದ ಭಾಗವನ್ನು ಖರ್ಚಾಗಿ ತೋರಿಸಲು ಆ ಕಾಯ್ದೆಯ 36ನೆಯ ಕಲಮು ಅವಕಾಶ ಕೊಟ್ಟಿತು. ಸಾಲದ ಅಸಲನ್ನು ಸವಕಳಿಯ ಆಸರೆಯಿಲ್ಲದೆಯೇ ತೀರಿಸಬೇಕಾಗುತ್ತದೆಂಬುದು ಇದರರ್ಥ. ಒಂದು ಸಮಾಧಾನದ ಸಂಗತಿಯೂ ಇದೆ: ಜೀವಂತ ಕುದುರೆಯ ಮೇಲೆ ಶೇಕಡಾ 12 ಇದ್ದ ಜಿ.ಎಸ್.ಟಿ. 2025ರ ಸೆಪ್ಟೆಂಬರ್ 22ರಿಂದ ಶೇಕಡಾ 5ಕ್ಕೆ ಇಳಿದಿದೆ.

ಲೆಕ್ಕಪತ್ರ ಮಾನಕಗಳಿಗೆ ಈ ವಿಷಯದ ತಿಳಿವಳಿಕೆ ಯೋಜನಾ ವರದಿಗಳಿಗಿಂತ ಹೆಚ್ಚಿದೆ. ದೊಡ್ಡ ಕಂಪನಿಗಳಿಗೆ ಅನ್ವಯಿಸುವ ಭಾರತೀಯ ಲೆಕ್ಕಪತ್ರ ಮಾನಕ 41 ಜೈವಿಕ ಆಸ್ತಿಗಳನ್ನು ಪ್ರೌಢ, ಅಪ್ರೌಢ ಎಂದು ವಿಂಗಡಿಸುತ್ತದೆ. ಮತ್ತೆಮತ್ತೆ ಫಲ ಕೊಡುವ ಆಸ್ತಿಯು ನಿಯತವಾಗಿ ಫಲ ಕೊಡುತ್ತ ಹೋಗಲು ಶಕ್ತವಾದಾಗ ಪ್ರೌಢವೆನಿಸುತ್ತದೆ. ಒಮ್ಮೆ ಕೊಟ್ಟರೆ ಸಾಲದು. ಸಣ್ಣ ಉದ್ಯಮಿಗೆ ಈ ಮಾನಕ ಕಡ್ಡಾಯವಲ್ಲವಾದರೂ ತನ್ನ ಖಾತೆ ಪುಸ್ತಕದಲ್ಲಿ ಅಪ್ರೌಢ ಕುದುರೆಗಳಿಗೆ ಬೇರೆ ಪುಟ ತೆರೆದು, ಅವುಗಳ ಖರ್ಚನ್ನು ಪ್ರತ್ಯೇಕವಾಗಿ ಬರೆದಿಡುವುದಕ್ಕೆ ಯಾರ ಅಡ್ಡಿಯೂ ಇಲ್ಲ. ಕಂತಿನ ಬಗ್ಗೆ ಬ್ಯಾಂಕಿನೊಡನೆ ಮಾತನಾಡುವಾಗ ಆ ಪುಟವೇ ಅವನ ದೊಡ್ಡ ಸಾಕ್ಷಿ.

ಬ್ಯಾಂಕಿನವರ ಭಯವನ್ನು ಅಲಕ್ಷಿಸುವಂತಿಲ್ಲ. ಪ್ರಾಣಿ ಸಾಯಬಹುದು, ಮಾರಿ ಕೈತೊಳೆದುಕೊಳ್ಳಬಹುದು, ಮೂರು ವರ್ಷ ಕಂತಿಲ್ಲದ ಸಾಲದ ಮೇಲೆ ಕಣ್ಣಿಡುವುದು ಕಷ್ಟ. ಸಾವಿನ ಭಯಕ್ಕೆ ವಿಮೆಯಿದೆ. 2024ರ ತಿದ್ದುಪಡಿಯು ಜಾನುವಾರು ವಿಮೆಯಲ್ಲಿ ಫಲಾನುಭವಿಯ ಪಾಲಿನ ಪ್ರೀಮಿಯಂ ಅನ್ನು ಶೇಕಡಾ 15ಕ್ಕೆ ಇಳಿಸಿತು. ಉಳಿದುದಕ್ಕೆ ಬಿಡುವಿನ ಅವಧಿಯಲ್ಲಿ ಬಡ್ಡಿಯನ್ನಷ್ಟೇ ಮೂರು ತಿಂಗಳಿಗೊಮ್ಮೆ ವಸೂಲು ಮಾಡಬಹುದು. ಸಾಲವನ್ನು ಒಮ್ಮೆಲೇ ಕೊಡದೆ ಮರಿಯ ವಯಸ್ಸಿಗೆ ತಕ್ಕಂತೆ ಹಂತಹಂತವಾಗಿ ಬಿಡುಗಡೆ ಮಾಡಬಹುದು. ಮೇವಿನ ಹಣ ಮೇವಿನ ಕಾಲಕ್ಕೆ ಸಿಕ್ಕರೆ ಬಡ್ಡಿಯ ಭಾರವೂ ಇಳಿಯುತ್ತದೆ, ಬ್ಯಾಂಕಿನ ಅಧಿಕಾರಿಗೆ ಪ್ರತಿ ಹಂತದಲ್ಲಿಯೂ ಕುದುರೆಯನ್ನು ಕಣ್ಣಾರೆ ನೋಡಿ ಬರುವ ಅವಕಾಶವೂ ಸಿಗುತ್ತದೆ.

ನಬಾರ್ಡ್ ಪ್ರತಿವರ್ಷವೂ ಪ್ರತಿ ಜಿಲ್ಲೆಗೆ ಸಾಲದ ಸಂಭಾವ್ಯತೆಯ ಯೋಜನೆಯನ್ನು ಸಿದ್ಧಪಡಿಸುತ್ತದೆ. ಜಿಲ್ಲೆಯ ಬ್ಯಾಂಕರ್‌ಗಳು ಸೇರುವ ಸಭೆಗಳಲ್ಲಿ ಅದರ ಮೇಲೆ ಚರ್ಚೆಯಾಗುತ್ತದೆ. ಗದಗ ಜಿಲ್ಲೆಯ ಮುಂದಿನ ಯೋಜನೆ ಸಿದ್ಧವಾಗುವ ಮೊದಲು ವಾಣಿಜ್ಯೋದ್ಯಮ ಸಂಸ್ಥೆಯು ಲಿಖಿತ ಮನವಿಯೊಂದನ್ನು ಸಲ್ಲಿಸುವುದು ಯುಕ್ತ. ಕುದುರೆ ಸಾಕಣೆಯ ಅವಧಿ ಸಾಲಗಳಲ್ಲಿ ಅಸಲಿನ ಮೊದಲ ಕಂತನ್ನು ಸಾಲ ಕೊಟ್ಟ ದಿನಾಂಕದಿಂದ ಎಣಿಸದೆ ಕುದುರೆಯ ವಯಸ್ಸಿನಿಂದ ಎಣಿಸಬೇಕು: ಕೊಂಡ ಹೆಣ್ಣಿಗೆ ನಾಲ್ಕೂವರೆ ವರ್ಷ ತುಂಬುವವರೆಗೆ ಅಸಲಿನ ವಸೂಲಿ ಬೇಡ. ಬೆಳೆದ ಕುದುರೆ ಕೊಂಡವನಿಗೆ ಬಿಡುವು ತಾನಾಗಿಯೇ ಕಡಿಮೆಯಾಗುತ್ತದೆ. ಗಬ್ಬ ಮತ್ತು ಮರಿಯ ಪಾಲನೆಗೆಂದು ಅವನಿಗೂ ಕನಿಷ್ಠ ಒಂದೂವರೆ ವರ್ಷ ಕೊಡಬೇಕಾಗುತ್ತದೆ. ವಯಸ್ಸಿನ ದಾಖಲೆಗೆ ಸರ್ಕಾರಿ ಪಶುವೈದ್ಯರು ಹಲ್ಲು ನೋಡಿ ಕೊಡುವ ಪ್ರಮಾಣಪತ್ರವನ್ನು ಖರೀದಿಯ ದಿನವೇ ಸಾಲದ ಕಡತಕ್ಕೆ ಲಗತ್ತಿಸಿಕೊಂಡರೆ ಸಾಕು.